ಹಳೆಯ ಕೀಲಿ, ಹೊಸ ಕಳ್ಳರು

ಸೋದರಿಯರೇ, ಊರಿಗೆ ಹೊರಡುವಾಗ ಬಾಗಿಲಿಗೆ ಕೀಲಿ ಹಾಕಿ, ಮತ್ತೊಮ್ಮೆ ಜಗ್ಗಿ ನೋಡದೆ ನಾವು ಹೆಜ್ಜೆ ಇಡುವುದಿಲ್ಲ, ಅಲ್ಲವೇ? ಆದರೆ ಈಗ ನಮ್ಮ ಉಳಿತಾಯ ಟ್ರಂಕಿನ ತಳದಲ್ಲಿಲ್ಲ. ಸಂಘದ ಕಂತು, ಮಕ್ಕಳ ಫೀಸು, ಗ್ಯಾಸಿನ ಹಣ ಎಲ್ಲವೂ ಮೊಬೈಲಿನಲ್ಲೇ ಓಡಾಡುತ್ತವೆ. ಆ ಕೀಲಿಯನ್ನು ಜಗ್ಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ನಮ್ಮ ಸೀಮೆಯ ಮಾತನ್ನೇ ಹೇಳುತ್ತೇನೆ. ತಡಸ ಇರುವುದು ಶಿಗ್ಗಾಂವಿ ತಾಲೂಕಿನಲ್ಲಿ. ಸುಧಾ ಮೂರ್ತಿಯವರು ಹುಟ್ಟಿದ್ದು ಅದೇ ಶಿಗ್ಗಾಂವಿಯಲ್ಲಿ. 2025ರ ಸೆಪ್ಟೆಂಬರಿನಲ್ಲಿ ಯಾರೋ ಒಬ್ಬ ತಾನು ದೂರಸಂಪರ್ಕ ಇಲಾಖೆಯವನೆಂದು ಅವರಿಗೇ ಫೋನು ಮಾಡಿ, ವಿವರ ಕೀಳಲು ನೋಡಿದ. ಬೆಂಗಳೂರಿನ ಸೈಬರ್ ಪೊಲೀಸರಲ್ಲಿ ದೂರು ದಾಖಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಮುಖ, ದನಿಗಳನ್ನು ನಕಲು ಮಾಡಿ, 'ಇಲ್ಲಿ ಹಣ ಹಾಕಿರಿ, ಹಲವು ಪಟ್ಟು ಬರುತ್ತದೆ' ಎನ್ನುವ ವಿಡಿಯೋಗಳು ಹರಿದಾಡಿದವು. 'ಅದು ನಾನಲ್ಲ, ನಂಬಬೇಡಿ' ಎಂದು ಅವರೇ ಹೇಳಬೇಕಾಯಿತು.

ಇದು ಕೃತಕ ಬುದ್ಧಿಮತ್ತೆ, ಅಂದರೆ ಎಐ ಎಂಬುದರ ಕೈಚಳಕ. ಸ್ವಲ್ಪ ಹೊತ್ತಿನ ಮಾತು ಸಿಕ್ಕರೂ ಸಾಕು, ಅದು ದನಿಯನ್ನು ನಕಲು ಮಾಡಬಲ್ಲದು. ನಾಳೆ ನಿಮ್ಮ ಮಗನ ದನಿಯಲ್ಲೇ 'ಅವ್ವಾ, ಆಸ್ಪತ್ರ್ಯಾಗ ಅದೀನಿ, ಲಗೂನ ಹತ್ತು ಸಾವಿರ ಹಾಕು' ಅಂದರೆ ಯಾವ ತಾಯಿಯ ಕರುಳು ತಡೆದೀತು? ಆದ್ದರಿಂದ ಮನೆಮಂದಿಯೆಲ್ಲ ಕೂತು ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. ಅಜ್ಜಿಯ ಅಡ್ಡಹೆಸರಾದರೂ ಆದೀತು, ಹಳೆಯ ಎಮ್ಮೆಯ ಹೆಸರಾದರೂ ಆದೀತು. ಅದನ್ನು ಹೇಳದವರಿಗೆ ಒಂದು ಪೈಸೆಯೂ ಬೇಡ. ಫೋನು ಇಟ್ಟು, ಮಗನ ನಂಬರಿಗೆ ನೀವೇ ತಿರುಗಿ ಮಾಡಿ.

ಇನ್ನೊಬ್ಬ ಕಳ್ಳ ಇನ್ನೂ ದಾರಿಯಲ್ಲಿದ್ದಾನೆ. ಮಗುವಿಗೆ 61ನ್ನು 53ರಿಂದ ಗುಣಿಸಲು ಹೇಳಿ, ಕ್ಷಣದಲ್ಲಿ 3233 ಎಂದು ಬರೆದೀತು. ಬರೀ 3233 ಕೊಟ್ಟು, ಯಾವ ಎರಡನ್ನು ಗುಣಿಸಿದ್ದು ಎಂದು ಕೇಳಿ, ತಲೆ ಕೆರೆದುಕೊಂಡೀತು. 1977ರಲ್ಲಿ ಅಮೆರಿಕದಲ್ಲಿ ಮೂವರು ವಿಜ್ಞಾನಿಗಳು ಈ ಉಪಾಯದಿಂದಲೇ ಗುಟ್ಟು ಕಾಯುವ ಒಂದು ಕೀಲಿ ಮಾಡಿದರು. ಇಂದು ಅದರಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳಿರುತ್ತವೆ. ಕ್ವಾಂಟಮ್ ಕಂಪ್ಯೂಟರ್ ಎಂಬ ಹೊಸ ಬಗೆಯ ಯಂತ್ರ ಬಂದರೆ ಈ ಲೆಕ್ಕ ಸುಲಭವಾದೀತೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಅಷ್ಟು ದೊಡ್ಡ ಯಂತ್ರ ಇನ್ನೂ ಆಗಿಲ್ಲ. ಆದರೆ ಇಂದು ಕದ್ದಿಟ್ಟ ಕಾಗದಪತ್ರವನ್ನು ಅಂದು ತೆರೆಯಬಹುದಲ್ಲ! ಪಾಸ್‌ವರ್ಡ್ ಬದಲಿಸಬಹುದು, ಬೆರಳಚ್ಚು ಬದಲಿಸಲಾದೀತೇ?

ಗಾಬರಿ ಬೇಡ. ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟಿನಲ್ಲಿ ಹೊಸ ಕೀಲಿಗಳ ಮೂರು ಮಾದರಿ ಪ್ರಕಟಿಸಿತು. ನಮ್ಮ ಕೇಂದ್ರ ಸರ್ಕಾರ 2023ರಲ್ಲಿ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕ್ವಾಂಟಮ್ ಕಂಪ್ಯೂಟರಿನ ಕೇಂದ್ರ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ.

ದೊಡ್ಡ ಕೀಲಿ ಬದಲಿಸುವುದು ಅವರ ಕೆಲಸ. ನಮ್ಮ ಕೆಲಸ ಇಷ್ಟು:

• ಫೋನು 'ಅಪ್‌ಡೇಟ್' ಕೇಳಿದರೆ ಮುಂದೂಡಬೇಡಿ. ಹೊಸ ಕೀಲಿ ಮನೆಗೆ ಬರುವುದು ಆ ದಾರಿಯಿಂದಲೇ. ಕ್ರೋಮ್‌ನಲ್ಲಿ 2024ರಿಂದಲೇ ಬರತೊಡಗಿದೆ.

• ಆಧಾರ್‌ನ ಬೆರಳಚ್ಚಿಗೂ ಕೀಲಿ ಹಾಕುವ ಸೌಲಭ್ಯವಿದೆ. ಓದಿದ ಮಕ್ಕಳ ಕೈಲಿ ಮಾಡಿಸಿ.

• ಓಟಿಪಿ ಯಾರಿಗೂ ಹೇಳಬೇಡಿ, ಪೊಲೀಸ್ ಎಂದವನಿಗೂ.

• ಹಣ ಹೋದರೆ ಕೂಡಲೇ 1930ಕ್ಕೆ ಫೋನು ಮಾಡಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾರೆ. ಬೇಗ ತಿಳಿಸಿದರೆ ನಡುವೆ ತಡೆಯಬಹುದು.

ಕೊನೆಯದೊಂದು ಮಾತು. 'ಯಜಮಾನರು ಬೈದಾರು, ನೆರೆಯವರು ನಕ್ಕಾರು' ಎಂದು ನಮ್ಮಲ್ಲಿ ಎಷ್ಟೋ ಹೆಂಗಸರು ಮೋಸ ಹೋದದ್ದನ್ನು ನುಂಗಿಕೊಳ್ಳುತ್ತಾರೆ. ಬೇಡ, ತಂಗೀ. ತಪ್ಪು ಕದ್ದವನದು, ನಿನ್ನದಲ್ಲ. ನೀನು ನಾಚಿ ಕೂತ ಆ ಒಂದು ತಾಸೇ ಅವನಿಗೆ ಬೇಕಾದದ್ದು.