ಪಾಕಿಸ್ತಾನ ಯೂಟ್ಯೂಬ್ ಅನ್ನು ಹ್ಯಾಕ್ ಮಾಡಿತ್ತೇ?

2008ರ ಫೆಬ್ರವರಿ 24ರಂದು ಜಗತ್ತಿನ ಹಲವೆಡೆ ಸುಮಾರು ಎರಡು ಗಂಟೆ ಯೂಟ್ಯೂಬ್ ತೆರೆಯಲಿಲ್ಲ. ಕಾರಣ ಪಾಕಿಸ್ತಾನ ಟೆಲಿಕಾಂ ಎಂಬುದು ನಿಜ. ಹ್ಯಾಕಿಂಗ್ ಎಂಬುದು ಸುಳ್ಳು. ಯೂಟ್ಯೂಬ್ ಸರ್ವರ್‌ಗೆ ಯಾರೂ ನುಗ್ಗಿರಲಿಲ್ಲ.

ಇಂಟರ್ನೆಟ್ ಕಂಪನಿಗಳ ರೌಟರ್‌ಗಳು ‘ಈ ವಿಳಾಸಗಳಿಗೆ ದಾರಿ ನಮ್ಮಲ್ಲಿದೆ’ ಎಂದು ಅಕ್ಕಪಕ್ಕದ ರೌಟರ್‌ಗಳಿಗೆ ಸಾರುತ್ತಿರುತ್ತವೆ. ಈ ಪದ್ಧತಿಯ ಹೆಸರು ಬಿಜಿಪಿ. ಒಂದೇ ವಿಳಾಸಕ್ಕೆ ಇಬ್ಬರು ದಾರಿ ಹೇಳಿದರೆ, ಚಿಕ್ಕ ಗುಂಪನ್ನು ಹೆಸರಿಸಿದವರ ಮಾತೇ ನಡೆಯುತ್ತದೆ. ಊರು ಹೇಳಿದವರಿಗಿಂತ ಬೀದಿ ಹೇಳಿದವರನ್ನು ನಾವು ನಂಬುವುದಿಲ್ಲವೇ, ಹಾಗೆ. ಯೂಟ್ಯೂಬ್ 1,024 ವಿಳಾಸಗಳ ಗುಂಪನ್ನು ಸಾರಿತ್ತು. ಸರ್ಕಾರದ ಆದೇಶದಂತೆ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟ ಪಾಕಿಸ್ತಾನ ಟೆಲಿಕಾಂ, ಅದರಲ್ಲಿನ 256 ವಿಳಾಸಗಳಿಗೆ ತನ್ನಲ್ಲೇ ದಾರಿಯಿದೆ ಎಂದಿತು. ಆ ಮಾತು ಗಡಿ ದಾಟಿಬಿಟ್ಟಿತು.

ದಾಟದಂತೆ ನೋಡಿಕೊಳ್ಳಲೆಂದೇ ರೌಟರ್‌ನಲ್ಲಿ ಫಿಲ್ಟರ್ ಹಾಕುತ್ತಾರೆ. ಯಾವ ವಿಳಾಸಗಳನ್ನು ಹೊರಗೆ ಸಾರಬೇಕು, ಪಕ್ಕದವರಿಂದ ಯಾವುದನ್ನು ಒಪ್ಪಬೇಕು ಎಂಬ ಪಟ್ಟಿ ಅದು. ನಮ್ಮ ಪ್ರಕಾರ ಹೆಚ್ಚಿನ ತಪ್ಪು ಪಾಕಿಸ್ತಾನ ಟೆಲಿಕಾಂಗೆ ಸಂಪರ್ಕ ಒದಗಿಸುತ್ತಿದ್ದ ಹಾಂಕಾಂಗ್‌ನ ಪಿಸಿಸಿಡಬ್ಲ್ಯು ಕಂಪನಿಯದು. ಗ್ರಾಹಕ ಹೇಳಿದ್ದನ್ನು ಅದು ಸೋಸದೆ ಜಗತ್ತಿಗೆಲ್ಲ ಫಾರ್ವರ್ಡ್ ಮಾಡಿತು! ಯೂಟ್ಯೂಬ್ ತಾನೂ ಅದೇ 256ನ್ನು, ಆಮೇಲೆ 128ರ ಇನ್ನೂ ಚಿಕ್ಕ ಗುಂಪುಗಳನ್ನು ಸಾರಿ ದಾರಿ ಮರಳಿ ಪಡೆಯತೊಡಗಿತು. ಕೊನೆಗೆ ಪಿಸಿಸಿಡಬ್ಲ್ಯು ಆ ತಪ್ಪು ದಾರಿಯನ್ನು ಹಿಂತೆಗೆದುಕೊಂಡಿತು.