ಅಂಗೈಯ ಆಟ, ಗೋಡೆಯ ಟಿವಿ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ನಡುನಡುವೆ ಬೇರೆ ಬಗೆಯ ಪ್ರಶ್ನೆಗಳೂ ಬರುತ್ತವೆ. ಡೊಂಬಿವಲಿಯ ಕೇಳುಗರೊಬ್ಬರ ಮನೆಯಲ್ಲಿ ಹಳೆಯ ಗೇಮ್ ಬಾಯ್ ಅಡ್ವಾನ್ಸ್ ಇದೆಯಂತೆ. ಚಿಕ್ಕಂದಿನಲ್ಲಿ ಅಣ್ಣ ತಂಗಿ ಸರದಿ ಹಾಕಿಕೊಂಡು ಆಡಿದ್ದು. ಈಗ ಮಗಳಿಗೆ ಅದೇ ಆಟವನ್ನು ದೊಡ್ಡ ಟಿವಿಯಲ್ಲಿ ತೋರಿಸುವ ಆಸೆ. ಸಾಧನವನ್ನು ಬಿಚ್ಚಿ ಒಳಗೊಂದು ಬೋರ್ಡ್ ಕೂರಿಸಿದರೆ ಎಚ್‌ಡಿ ಚಿತ್ರ ಬರುತ್ತದೆ ಎಂದು ರಿಪೇರಿಯವರು ಹೇಳಿದ್ದಾರೆ. ಕೊಡಬಹುದೇ, ಬೇಡವೇ ಎಂಬುದು ಅವರ ಪ್ರಶ್ನೆ.

ಒಮ್ಮೆ ಬಿಚ್ಚಿ ತಂತಿ ಬೆಸೆದ ಮೇಲೆ ಮೊದಲಿನಂತೆ ಮಾಡುವುದು ಸುಲಭವಲ್ಲ. ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಕೇಬಲ್ ಹುಟ್ಟುವ ಮೊದಲಿನ ಸಾಧನ

ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ಅಡ್ವಾನ್ಸನ್ನು ಹೊರತಂದದ್ದು 2001ರ ಮಾರ್ಚಿನಲ್ಲಿ. ಇಂದು ಪ್ರತಿಯೊಂದು ಟಿವಿಯ ಹಿಂದೆಯೂ ಕಾಣುವ ಎಚ್‌ಡಿಎಂಐ ವ್ಯವಸ್ಥೆಯ ಮೊದಲ ಆವೃತ್ತಿ ಪ್ರಕಟವಾದದ್ದು 2002ರ ಡಿಸೆಂಬರಿನಲ್ಲಿ. ಅಂದರೆ ಸಾಧನ ಹುಟ್ಟಿದಾಗ ಕೇಬಲ್ ಇನ್ನೂ ಹುಟ್ಟಿರಲಿಲ್ಲ. ಸಾಧನದ ಮೇಲ್ಭಾಗದಲ್ಲಿರುವ ಸಣ್ಣ ಕಿಂಡಿ ಇಬ್ಬರು ಗೆಳೆಯರು ತಮ್ಮ ಸಾಧನಗಳನ್ನು ಜೋಡಿಸಿಕೊಂಡು ಆಡಲು ಇರುವಂಥದು. ಅದರಲ್ಲಿ ಆಟದ ಮಾಹಿತಿ ಓಡಾಡುತ್ತದೆಯೇ ಹೊರತು ಚಿತ್ರವಲ್ಲ. ಹೆಡ್‌ಫೋನಿನ ತೂತಿನಿಂದ ಬರುವುದು ಸದ್ದು ಮಾತ್ರ. ಹಾಗಾಗಿ ಹೊರಗಿನಿಂದ ಒಂದು ಮಾಮೂಲಿ ಕೇಬಲ್ ಸಿಕ್ಕಿಸಿ ಟಿವಿಗೆ ಚಿತ್ರ ಕಳಿಸುವುದು ಆಗದ ಮಾತು.

ಚಿತ್ರ ಸಿಗುವುದು ಒಂದೇ ಕಡೆ: ಒಳಗಿನ ಬೋರ್ಡಿನಿಂದ ಪರದೆಗೆ ಹೋಗುವ ತೆಳ್ಳನೆಯ ರಿಬ್ಬನ್ ಕೇಬಲ್ಲಿನಲ್ಲಿ. ಅಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ತಲಾ ಐದರಂತೆ 15 ಗೆರೆಗಳಿವೆ. ಒಂದೊಂದು ಚುಕ್ಕಿಯ ಬಣ್ಣವೂ ಆ 15 ಗೆರೆಗಳ ಮೇಲೆ ಹೌದು-ಇಲ್ಲಗಳ ರೂಪದಲ್ಲಿ ಸಾಗುತ್ತದೆ. ಹೊಸ ಬೋರ್ಡ್ ಈ ಮಾಹಿತಿಯನ್ನು ದಾರಿಯಲ್ಲೇ ಓದಿಕೊಂಡು ಎಚ್‌ಡಿಎಂಐ ಭಾಷೆಗೆ ತಿರುಗಿಸುತ್ತದೆ. ಸದ್ದನ್ನೂ ಅದೇ ಕೇಬಲ್ಲಿಗೆ ಸೇರಿಸಬಹುದು. ಈ ಕೆಲಸಕ್ಕೆ ಬಳಸುವ ಚಿಪ್ಪಿಗೆ ಎಫ್‌ಪಿಜಿಎ ಎಂದು ಹೆಸರು. ಒಳಗಿನ ಜೋಡಣೆಯನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಲು ಬರುವ ಚಿಪ್ ಇದು.

ಚುಕ್ಕಿ ರಂಗೋಲಿಯ ಲೆಕ್ಕ

ಎಚ್‌ಡಿ ಎಂದ ಕೂಡಲೇ ಆಟದ ಚಿತ್ರವೇ ಹೊಸದಾಗಿಬಿಡುತ್ತದೆ ಎಂದು ಹಲವರು ತಿಳಿಯುತ್ತಾರೆ. ಹಾಗಾಗುವುದಿಲ್ಲ. ಈ ಸಾಧನದ ಪರದೆಯಲ್ಲಿ ಅಡ್ಡಕ್ಕೆ 240, ಮೇಲಿನಿಂದ ಕೆಳಕ್ಕೆ 160 ಚುಕ್ಕಿಗಳು. ಒಟ್ಟು 38,400. ಫುಲ್ ಎಚ್‌ಡಿ ಟಿವಿಯಲ್ಲಿ 1920 ಮತ್ತು 1080, ಅಂದರೆ 20,73,600 ಚುಕ್ಕಿಗಳು. ಸರಿಯಾಗಿ 54 ಪಟ್ಟು. ಅಡುಗೆಮನೆಯ ಹೊಸ್ತಿಲಿಗೆ ಬಿಡಿಸಿದ ಚುಕ್ಕಿ ರಂಗೋಲಿಯನ್ನು ದೇವಸ್ಥಾನದ ಅಂಗಳದಲ್ಲಿ ದೊಡ್ಡದಾಗಿ ಬಿಡಿಸಿದ ಹಾಗೆ. ಒಂದೊಂದು ಚುಕ್ಕಿ ದಪ್ಪವಾಗುತ್ತದೆ, ಚುಕ್ಕಿಗಳ ಸಂಖ್ಯೆ ಹೆಚ್ಚುವುದಿಲ್ಲ.

ಆದರೆ ದಪ್ಪ ಮಾಡುವುದರಲ್ಲೂ ಅಚ್ಚುಕಟ್ಟು ಬೇಕು. ಒಂದು ಚುಕ್ಕಿಯನ್ನು ಎರಡೂ ಕಡೆಗೆ ಸರಿಯಾಗಿ ಆರು ಪಟ್ಟು ಹಿಗ್ಗಿಸಿದರೆ ಚಿತ್ರ 1440ಕ್ಕೆ 960 ಆಗುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ ಎಡಬಲಕ್ಕೆ 240ರಂತೆ, ಮೇಲೆ ಕೆಳಗೆ 60ರಂತೆ ಕಪ್ಪು ಅಂಚು ಉಳಿಯುತ್ತದೆ. ಚಿತ್ರ ಮಾತ್ರ ಕೊರೆದಿಟ್ಟಂತೆ ಸ್ಪಷ್ಟ. ಕಪ್ಪು ಅಂಚು ಬೇಡವೆಂದು ಮೇಲಿನಿಂದ ಕೆಳಗಿನವರೆಗೂ ತುಂಬಿಸಲು ಹೊರಟರೆ 6.75 ಪಟ್ಟು ಬೇಕು. ಮುಕ್ಕಾಲು ಚುಕ್ಕಿ ಎಂಬುದು ಟಿವಿಯಲ್ಲಿ ಇಲ್ಲ. ಆಗ ಕೆಲವು ಚುಕ್ಕಿ ಆರರಷ್ಟು, ಕೆಲವು ಏಳರಷ್ಟು ಅಗಲವಾಗುತ್ತವೆ. ಇಲ್ಲವೇ ಅಂಚುಗಳನ್ನು ಕಲಸಿ ಮಸುಕು ಮಾಡಬೇಕಾಗುತ್ತದೆ. ನಾಯಕ ಓಡತೊಡಗಿದರೆ ಹಿನ್ನೆಲೆಯ ಗೋಡೆ ನೀರಿನಲ್ಲಿ ಕಂಡಂತೆ ಅಲುಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ತಯಾರಕರೇ ಹೊರದಾರಿ ಕೊಟ್ಟಲ್ಲೂ ಇದೇ ಇಕ್ಕಟ್ಟು. ಸೋನಿಯ ಪಿಎಸ್‌ಪಿ ಸಾಧನದ 2007ರ ಮಾದರಿಯನ್ನು ಟಿವಿಗೆ ಜೋಡಿಸಬಹುದಿತ್ತು. ಆಟ ಮಾತ್ರ ತನ್ನ 480ಕ್ಕೆ 272 ಚುಕ್ಕಿಗಳ ಅಳತೆಯಲ್ಲೇ, ಸುತ್ತ ಕಪ್ಪು ಅಂಚಿನೊಳಗೆ ಕೂರುತ್ತಿತ್ತು.

ಎರಡು ಗಡಿಯಾರಗಳು

ಇನ್ನೊಂದು ತೊಡಕು ಕಣ್ಣಿಗೆ ಬೇಗ ಕಾಣುವಂಥದಲ್ಲ. ಗೇಮ್ ಬಾಯ್ ಅಡ್ವಾನ್ಸ್ ಸೆಕೆಂಡಿಗೆ ಸುಮಾರು 59.73 ಬಾರಿ ಚಿತ್ರ ಬಿಡಿಸುತ್ತದೆ. ಟಿವಿ ಸಾಮಾನ್ಯವಾಗಿ ಎದುರು ನೋಡುವುದು 60. ನಮ್ಮ ರೇಡಿಯೋ ಮಂದಿಗೆ ಈ ಬಗೆಯ ಕಷ್ಟ ಪರಿಚಿತ. ಸಿ.ಡಿ.ಯ ಧ್ವನಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು. 48,000ದ ಲೆಕ್ಕದಲ್ಲಿ ನಡೆಯುವ ಯಂತ್ರಕ್ಕೆ ಅದನ್ನು ಪರಿವರ್ತಿಸದೆ ಉಣಿಸಿದರೆ ಗಾಯಕರ ಶ್ರುತಿಯೇ ಏರಿಬಿಡುತ್ತದೆ.

ಇಲ್ಲಿ ದಾರಿಗಳು ಮೂರು. ಟಿವಿಗೆ 59.73ರ ವೇಗದಲ್ಲೇ ಕಳಿಸುವುದು ಒಂದು. ಹಲವು ಟಿವಿಗಳು ಒಪ್ಪುತ್ತವೆ, ಒಪ್ಪದವು ಕಪ್ಪು ಪರದೆ ತೋರುತ್ತವೆ. ಎರಡನೆಯದು, 60 ತುಂಬಲು ನಾಲ್ಕು ಸೆಕೆಂಡಿನೊಳಗೆ ಒಮ್ಮೆ ಒಂದು ಚಿತ್ರವನ್ನು ಎರಡು ಸಲ ತೋರಿಸುವುದು. ಚಿತ್ರ ನಯವಾಗಿ ಸರಿಯುತ್ತಿರುವಾಗ ಸಣ್ಣ ಮುಗ್ಗರಿಕೆ ಕಾಣುತ್ತದೆ. ಮೂರನೆಯದು, ಸಾಧನದ ಗಡಿಯಾರವನ್ನೇ ತುಸು ಚುರುಕು ಮಾಡಿ 60ಕ್ಕೆ ತರುವುದು. ಆಗ ಆಟವೂ ಅದರ ಸಂಗೀತವೂ ಶೇಕಡಾ ಅರ್ಧಕ್ಕಿಂತ ಸ್ವಲ್ಪ ಕಡಿಮೆ ವೇಗ ಹೆಚ್ಚಿಸಿಕೊಳ್ಳುತ್ತವೆ. ತಂಬೂರಿ ಶ್ರುತಿ ಮಾಡುವ ಕಿವಿಗೆ ಗೊತ್ತಾದೀತು, ಆಡುವ ಮಕ್ಕಳಿಗೆ ಗೊತ್ತಾಗುವುದು ಕಷ್ಟ.

ಟಿವಿ ತಾನಾಗಿ ಚಿತ್ರವನ್ನು ತಿದ್ದಲು ಹೋದರೆ ಗುಂಡಿ ಒತ್ತಿದ್ದಕ್ಕೂ ನಾಯಕ ಜಿಗಿಯುವುದಕ್ಕೂ ನಡುವೆ ಅಂತರ ಬೀಳುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಬಣ್ಣದ ಗುಟ್ಟು

2001ರ ಆ ಪರದೆಗೆ ತನ್ನದೇ ಬೆಳಕು ಇರಲಿಲ್ಲ. ಕಿಟಕಿಯ ಪಕ್ಕವೋ ದೀಪದ ಕೆಳಗೋ ಕೂತು ಆಡಬೇಕಿತ್ತು. ಮಂಕಾಗಿ ಕಾಣುವ ಪರದೆಗೆಂದು ಎಷ್ಟೋ ಆಟಗಳಲ್ಲಿ ಬಣ್ಣಗಳನ್ನು ಬೇಕೆಂದೇ ತಿಳಿಯಾಗಿ, ಗಾಢವಾಗಿ ಹಚ್ಚಿದ್ದರು. ಅದೇ ಬಣ್ಣ ಇಂದಿನ ಟಿವಿಗೆ ಬಂದರೆ ಜಾತ್ರೆಯ ಮಿಠಾಯಿಯಂತೆ ಕಣ್ಣಿಗೆ ಹೊಡೆಯುತ್ತದೆ. ಒಳ್ಳೆಯ ಬೋರ್ಡುಗಳಲ್ಲಿ ಬಣ್ಣವನ್ನು ಹಳೆಯ ಪರದೆಯ ಹದಕ್ಕೆ ಇಳಿಸುವ ಸೌಲಭ್ಯ ಇರುತ್ತದೆ.

ಕೊಡಬೇಕೋ, ಬೇಡವೋ

ಈಗ ಮೂಲ ಪ್ರಶ್ನೆ. ಕೆಲವು ಕಿಟ್‌ಗಳಲ್ಲಿ ಮೂಲ ಪರದೆಯನ್ನು ಕಿತ್ತು, ಬೋರ್ಡನ್ನು ಬೇರೆ ಡಬ್ಬಿಯಲ್ಲಿ ಕೂರಿಸಿ, ಬೇರೆ ಕಂಟ್ರೋಲರ್ ಜೋಡಿಸುತ್ತಾರೆ. ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಅಣ್ಣ ತಂಗಿ ಸರದಿ ಹಾಕಿ ಹಿಡಿದ ಸಾಧನ ಅಲ್ಲಿಗೆ ಮುಗಿಯಿತು. ನೆನಪಿನ ವಸ್ತುವಾದರೆ ಅದನ್ನು ಹಾಗೇ ಇಟ್ಟು, ಪರದೆ ಒಡೆದ ಮತ್ತೊಂದನ್ನು ಹುಡುಕಿ ಅದರ ಮೇಲೆ ಕೈಯಾಡಿಸುವುದು ಮೇಲು. ಈ ಕೆಲಸಕ್ಕೆ ಪರದೆ ಹೇಗೂ ಬೇಕಿಲ್ಲವಲ್ಲ!

ನೆಮ್ಮದಿಯ ಸಂಗತಿ ಒಂದಿದೆ. ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದಿರಿ ಎಂಬ ದಾಖಲೆ ಇರುವುದು ಕಾರ್ಟ್ರಿಜ್‌ನಲ್ಲಿ, ಸಾಧನದಲ್ಲಲ್ಲ. ಹಾಗಾಗಿ ಬಿಚ್ಚದೆಯೂ ದಾರಿಗಳುಂಟು. ನಿಂಟೆಂಡೊ 2003ರಲ್ಲೇ ಗೇಮ್‌ಕ್ಯೂಬ್‌ಗೆ ಜೋಡಿಸುವ ಗೇಮ್ ಬಾಯ್ ಪ್ಲೇಯರ್ ತಂದಿತ್ತು. ಅದು ಎಚ್‌ಡಿ ಅಲ್ಲ, ಆದರೆ ಇದೇ ಕಾರ್ಟ್ರಿಜ್ ಹಾಕಿ ಟಿವಿಯಲ್ಲಿ ಆಡಬಹುದು. 2021ರ ಡಿಸೆಂಬರಿನಲ್ಲಿ ಬಂದ ಅನಲಾಗ್ ಪಾಕೆಟ್ ಕೂಡ ಇದೇ ಕಾರ್ಟ್ರಿಜ್ ತೆಗೆದುಕೊಳ್ಳುತ್ತದೆ. ಅದರ ಡಾಕ್ ಬೇರೆಯಾಗಿ ಕೊಂಡರೆ ಟಿವಿಗೆ ಎಚ್‌ಡಿ ಚಿತ್ರ ಹೋಗುತ್ತದೆ.

ಹೊಸ ಸಾಧನ ಕೊಳ್ಳುವವರಿಗೂ ಒಂದು ಮಾತು. ಯುಎಸ್‌ಬಿ-ಸಿ ಕಿಂಡಿ ಇದ್ದ ಮಾತ್ರಕ್ಕೆ ಟಿವಿಗೆ ಚಿತ್ರ ಹೋಗುತ್ತದೆ ಎಂದುಕೊಳ್ಳಬೇಡಿ. 2017ರ ನಿಂಟೆಂಡೊ ಸ್ವಿಚ್ ಡಾಕಿನಲ್ಲಿ ಕೂತರೆ ಟಿವಿಯಲ್ಲಿ ಕಾಣುತ್ತದೆ. 2019ರ ಸ್ವಿಚ್ ಲೈಟ್‌ನಲ್ಲಿ ಅದೇ ಆಕಾರದ ಕಿಂಡಿ ಇದ್ದರೂ ಟಿವಿಗೆ ಚಿತ್ರ ಕಳಿಸುವ ವ್ಯವಸ್ಥೆಯೇ ಇಲ್ಲ.

ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಪುಣೆಯ ತಪಕೀರ್ ಗಲ್ಲಿ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್: ನೀವು ಎಲ್ಲಿಗೇ ಹೋಗಿ, ಸಾಧನ ಕೈಬಿಡುವ ಮೊದಲು ಇಷ್ಟು ಕೇಳಿ. ಮೂಲ ಪರದೆ ಉಳಿಯುತ್ತದೆಯೇ? ರಿಬ್ಬನ್ ಕೇಬಲ್ ಸೇರುವ ಜಾಗದಲ್ಲಿ 32 ಪಿನ್‌ನದು, 40 ಪಿನ್‌ನದು ಎಂದು ಎರಡು ಬಗೆ ಇವೆ, ತರಿಸುವ ಕಿಟ್ ನಿಮ್ಮದಕ್ಕೆ ಹೊಂದುತ್ತದೆಯೇ? ಚಿತ್ರವನ್ನು ಪೂರ್ಣಾಂಕದ ಪಟ್ಟಿನಲ್ಲಿ ಹಿಗ್ಗಿಸಬಹುದೇ? ಬಣ್ಣ ಇಳಿಸಬಹುದೇ? ಈ ನಾಲ್ಕಕ್ಕೂ ತಡವರಿಸದೆ ಉತ್ತರ ಬಂದರೆ ಕೊಡಿ. "ಅದೆಲ್ಲ ನೋಡ್ಕೊಳ್ಳೋಣ ಬಿಡಿ" ಎಂದರೆ ಸಾಧನವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬನ್ನಿ. ಕಿಟಕಿಯ ಪಕ್ಕ ಕೂತರೆ ಆ ಪುಟ್ಟ ಪರದೆಯಲ್ಲೂ ಆಟ ಚೆನ್ನಾಗಿಯೇ ಕಾಣುತ್ತದೆ.