ಯೆಜ್ಡಿಗೆ ತಗಡೋ, ಫೈಬರೋ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕ್ತು. ಅಲ್ಲಿ ಹುಟ್ಟಿದ ಯೆಜ್ಡಿಗಳನ್ನು ಮಾತ್ರ ನಮ್ಮವರು ಬಿಟ್ಟಿಲ್ಲ. ಕಂಪನಿ ಕಾಲದ ಭಾಗಗಳು ಸಿಗೋದು ಕಷ್ಟ, ನಕಲು ಭಾಗಗಳೇ ಗತಿ. ಹಾಗಾದ್ರೆ ಯಾವುದನ್ನು ತಗಡಿನಲ್ಲಿ ಕೊಳ್ಳಬೇಕು, ಯಾವುದನ್ನು ಫೈಬರ್‌ನಲ್ಲಿ?

ನಾನು ಇಂಜಿನಿಯರಿಂಗ್ ಓದುವಾಗ ಅಪ್ಪನ ಯೆಜ್ಡಿಗೆ ಫೈಬರ್ ಮಡ್‌ಗಾರ್ಡ್ ಹಾಕಿಸಿದೆ. ಹಗುರ, ತುಕ್ಕು ಹಿಡಿಯಲ್ಲ ಅಂತ ಹೆಮ್ಮೆ ಬೇರೆ. ಒಂದು ರಾತ್ರಿ ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬರುವಾಗ ಹಿಂದಿನಿಂದ ಬಂದ ಲಾರಿ ಗೇಣಿನಲ್ಲಿ ತಪ್ಪಿತು. ಹಿಂದೆ ಕೂತಿದ್ದವರು ಅಪ್ಪ. ನಮ್ಮ ಹಿಂದಿನ ದೀಪ ಉರಿಯುತ್ತಲೇ ಇರಲಿಲ್ಲ!

ಮೇಸ್ತ್ರಿ ನೋಡಿ ನಕ್ಕರು: “ಬಲ್ಬು ಸುಟ್ಟಿಲ್ಲ ತಮ್ಮಾ, ಅರ್ಥ್ ಇಲ್ಲ.”

ದೀಪಕ್ಕೆ ಹೋಗೋದು ಒಂದೇ ವೈರು. ಕರೆಂಟು ವಾಪಸ್ ಬರೋದು ಮಡ್‌ಗಾರ್ಡಿನ ತಗಡಿನ ಮೂಲಕ. ಫೈಬರ್‌ನಲ್ಲಿ ಕರೆಂಟು ಹರಿಯಲ್ಲ. ಚಾಸಿಗೆ ಇನ್ನೊಂದು ವೈರು ಎಳೆದಿದ್ದರೆ ಸಾಕಿತ್ತು. ಜೊತೆಗೆ ಇಂಜಿನ್ ನಡುಕಕ್ಕೆ ಫೈಬರ್ ಬೋಲ್ಟಿನ ತೂತಿನ ಸುತ್ತ ಬಿರುಕು ಬಿಡುತ್ತೆ. ಅಗಲವಾದ ವಾಷರ್ ಬೇಕು. ತಗಡು ಸೊಟ್ಟಾದರೆ ತಟ್ಟಬಹುದು, ಹರಿದರೆ ವೆಲ್ಡ್ ಮಾಡಬಹುದು.

ಸೈಡ್ ಬಾಕ್ಸ್ ಮುಚ್ಚಳ ಭಾರ ಹೊರಲ್ಲ, ಫೈಬರ್ ಇರಲಿ. ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಬೇಡ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತೆ. ಅದು ಸಾಮಾನ್ಯ ಫೈಬರಿನ ರಾಳವನ್ನು ಮೆತ್ತಗೆ ಮಾಡುತ್ತೆ; ಕರಗಿದ ಅಂಟು ಕಾರ್ಬ್ಯುರೇಟರಿಗೆ ಇಳಿಯುತ್ತೆ, ಟ್ಯಾಂಕು ಸೋರಲೂಬಹುದು. ಕೆಳಗೆ ಕಾದ ಇಂಜಿನ್ ಇದೆ, ನೆನಪಿರಲಿ.

ಪಾಲಿಶ್ ನೋಡಿ ಮರುಳಾಗಬೇಡಿ. ಆ ಭಾಗ ಏನು ಕೆಲಸ ಮಾಡುತ್ತೆ ಅಂತ ಮೊದಲು ಕೇಳಿ. ನನ್ನ ಡಿಗ್ರಿ ಕೇಳಲಿಲ್ಲ, ಮೇಸ್ತ್ರಿ ಕೇಳಿದರು.